ಕೂಡಿಸದೆ ಬಿಟ್ಟ ತಾಮ್ರ

ಬ್ರಾಯ್ಲರ್ ಕೋಳಿಯ ಒಂದು ಕೆ.ಜಿ. ಆಹಾರದಲ್ಲಿ ತಾಮ್ರ ಎಷ್ಟಿರಬೇಕು ಎಂದು ಕೇಳಿದರೆ ಮೂರು ಉತ್ತರ ಸಿಗುತ್ತವೆ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 1994ರಲ್ಲಿ ಹೇಳಿದ ಅಗತ್ಯ 8 ಮಿಲಿಗ್ರಾಂ. ಐರೋಪ್ಯ ಒಕ್ಕೂಟ 2018ರ ನಿಯಮದಲ್ಲಿ ಹಾಕಿದ ಮೇಲ್ಮಿತಿ 25 ಮಿಲಿಗ್ರಾಂ. ಅದೇ ರಿಸರ್ಚ್ ಕೌನ್ಸಿಲ್ 2005ರಲ್ಲಿ, ಕೋಳಿ ತಡೆದುಕೊಳ್ಳಬಲ್ಲ ಗರಿಷ್ಠ ಪ್ರಮಾಣವೆಂದು ಕೊಟ್ಟದ್ದು 250 ಮಿಲಿಗ್ರಾಂ. ಮೊದಲನೆಯದು ಹಕ್ಕಿಯ ದೇಹದ ಲೆಕ್ಕ, ಎರಡನೆಯದು ಬಹುಮಟ್ಟಿಗೆ ಮಣ್ಣು-ನೀರಿನ ಲೆಕ್ಕ, ಮೂರನೆಯದು ಸಹನೆಯ ಲೆಕ್ಕ. ಅಗತ್ಯಕ್ಕೂ ಸಹನೆಗೂ ನಡುವೆ ಮೂವತ್ತು ಪಟ್ಟು ಅಂತರ. ಕುರಿಯ ವಿಷಯದಲ್ಲಿ ಇಂಥ ಅವಕಾಶವೇ ಇಲ್ಲ. ಅದರ ಸಹನೆಯ ಮಿತಿ ಬರೀ 15 ಮಿಲಿಗ್ರಾಂ.

ಕೋಳಿಗೆ ಸಿಕ್ಕಿರುವ ಈ ಧಾರಾಳದ ಅಂತರವೇ ತೊಂದರೆಯ ಮೂಲ ಎಂಬುದು ನನ್ನ ಅಭಿಪ್ರಾಯ. 'ಕೋಳಿ ತಡೀತದೆ' ಎಂಬ ಭರವಸೆಯಲ್ಲಿ ಫೀಡ್ ತಯಾರಿಸುವವರು ಒಂದಿಷ್ಟು, ಔಷಧಿ ಮಾರುವವರು ಒಂದಿಷ್ಟು, ಶೆಡ್ಡಿನಲ್ಲಿ ನೀರು ತುಂಬುವವರು ಒಂದಿಷ್ಟು ತಾಮ್ರ ಸೇರಿಸುತ್ತಾರೆ. ಒಬ್ಬೊಬ್ಬರ ಪಾಲೂ ಮಿತಿಯೊಳಗೇ ಇರುತ್ತದೆ. ಒಟ್ಟು ಎಷ್ಟಾಯಿತೆಂದು ಕೂಡಿಸುವವರು ಯಾರೂ ಇಲ್ಲ. ಆ ಕೂಡಿಕೆಯ ಕೆಲಸ ಕೊನೆಗೆ ಯಕೃತ್ತಿನ ಪಾಲಿಗೆ ಬೀಳುತ್ತದೆ.

ತಾಮ್ರ ಬೇಡವೇ ಬೇಡ ಎನ್ನುವಂತಿಲ್ಲ. ಕಬ್ಬಿಣವೊಂದೇ ಇದ್ದರೆ ರಕ್ತವಾಗದು, ಜೊತೆಗೆ ತಾಮ್ರವೂ ಬೇಕು ಎಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹಾರ್ಟ್, ಸ್ಟೀನ್‌ಬಾಕ್, ಎಲ್ವೆಜೆಮ್ ಮೊದಲಾದವರು 1928ರಲ್ಲಿ ಇಲಿಗಳಲ್ಲಿ ತೋರಿಸಿದರು. ತಾಮ್ರ ಸಾಲದ ಕೋಳಿಮರಿಗಳ ಮಹಾಧಮನಿ ಗಟ್ಟಿತನ ಕಳೆದುಕೊಂಡು ಒಡೆಯುತ್ತದೆಂಬುದು 1961ರ ಹೊತ್ತಿಗೆ ಮಿಸೌರಿಯ ಬಾಯ್ಡ್ ಓಡೆಲ್ ಅವರ ಕೆಲಸದಿಂದ ತಿಳಿಯಿತು. ಉಸಿರಾಟದ ಕೊನೆಯ ಹಂತದ ಕಿಣ್ವಕ್ಕೆ, ಮೂಳೆ-ನಾರುಗಳನ್ನು ಹೆಣೆಯುವ ಕಿಣ್ವಕ್ಕೆ, ಪುಕ್ಕದ ಬಣ್ಣಕ್ಕೆ ತಾಮ್ರ ಬೇಕು. ಆದರೆ ಬೇಕಾದ ಆ 8 ಮಿಲಿಗ್ರಾಂ ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಯಲ್ಲೇ ಹೆಚ್ಚುಕಡಿಮೆ ಇರುತ್ತದೆ. ಅದೆಲ್ಲವೂ ದೇಹಕ್ಕೆ ದಕ್ಕುವುದಿಲ್ಲವೆಂದು ತಳಿ ಕಂಪನಿಗಳ ಕೈಪಿಡಿಗಳು ಇನ್ನೂ 15-16 ಮಿಲಿಗ್ರಾಂ ಸೇರಿಸಲು ಹೇಳುತ್ತವೆ. ಇಲ್ಲಿಯವರೆಗೆ ತಕರಾರಿಲ್ಲ.

ದೊಡ್ಡ ಪ್ರಮಾಣ ಬಂದದ್ದು ಹಂದಿಯಿಂದ. ಇಂಗ್ಲೆಂಡಿನ ರೆಡಿಂಗ್ ಬಳಿ ಶಿನ್‌ಫೀಲ್ಡಿನಲ್ಲಿದ್ದ ಹೈನು ಸಂಶೋಧನಾ ಸಂಸ್ಥೆಯಲ್ಲಿ ಹಂದಿಗಳು ತಾಮ್ರದ ಲೋಹವನ್ನು ಆಸೆಪಟ್ಟು ನೆಕ್ಕುವುದನ್ನು ರಾಫೆಲ್ ಬ್ರೌಡ್ 1945ರಲ್ಲಿ ವರದಿ ಮಾಡಿದರು. ಹತ್ತು ವರ್ಷದ ನಂತರ ಅವರೂ ಅವರ ಸಹೋದ್ಯೋಗಿಗಳೂ ಆಹಾರಕ್ಕೆ ಮೈಲುತುತ್ತ ಬೆರೆಸಿ ತಿನ್ನಿಸಿದಾಗ ಹಂದಿಗಳ ಬೆಳವಣಿಗೆ ಚುರುಕಾಯಿತು. ಆಗ ಬಳಸಿದ್ದು ಕೆ.ಜಿ.ಗೆ 250 ಮಿಲಿಗ್ರಾಂ ತಾಮ್ರ. ಈ ಅಂಕಿಯ ಹಿಂದೆ ಗಹನವಾದದ್ದೇನೂ ಇಲ್ಲ. ಮೈಲುತುತ್ತದ ಹರಳಿನಲ್ಲಿ ನಾಲ್ಕನೆಯ ಒಂದು ಪಾಲು ತಾಮ್ರ. ಒಂದು ಟನ್ ಆಹಾರಕ್ಕೆ ಒಂದು ಕೆ.ಜಿ. ಹರಳು ಬೆರೆಸಿದರೆ 250, ಅರ್ಧ ಕೆ.ಜಿ. ಬೆರೆಸಿದರೆ 125. ಕೋಳಿ ಉದ್ಯಮದಲ್ಲಿ ಇಂದಿಗೂ ಓಡಾಡುವ ಎರಡು ಡೋಸುಗಳು ಇವೇ. ತಕ್ಕಡಿಗೆ ಅನುಕೂಲವಾದ ಅಳತೆ ವಿಜ್ಞಾನದ ಅಳತೆಯಾಗಿ ಉಳಿದುಬಿಟ್ಟಿತು.

ಬೆಳವಣಿಗೆ ಹೆಚ್ಚುವುದಕ್ಕೆ ಮುಖ್ಯ ಕಾರಣ ತಾಮ್ರ ಕರುಳಿನ ಬ್ಯಾಕ್ಟೀರಿಯಾಗಳನ್ನು ಅಂಕೆಯಲ್ಲಿಡುವುದು. ಹಾಗಾಗಿ ಆಂಟಿಬಯಾಟಿಕ್‌ಗಳ ಮೇಲೆ ನಿರ್ಬಂಧ ಬಿಗಿಯಾದಷ್ಟೂ ತಾಮ್ರಕ್ಕೆ ಬೆಲೆ ಬಂತು. ಬೆಳವಣಿಗೆಗಾಗಿ ಆಂಟಿಬಯಾಟಿಕ್ ಕೊಡುವುದನ್ನು ಐರೋಪ್ಯ ಒಕ್ಕೂಟ 2006ರ ಜನವರಿಯಿಂದ ಪೂರ್ತಿ ನಿಲ್ಲಿಸಿತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಕೊಡುವುದನ್ನು ಭಾರತ 2019ರಲ್ಲಿ ನಿಷೇಧಿಸಿತು. ಇನ್ನೊಂದು ಆಕರ್ಷಣೆ ಜಾರ್ಜಿಯಾ ವಿಶ್ವವಿದ್ಯಾಲಯದಿಂದ ಬಂತು: ತಾಮ್ರ ಹೆಚ್ಚಾಗಿ ತಿಂದ ಬ್ರಾಯ್ಲರ್‌ಗಳ ಎದೆಮಾಂಸದಲ್ಲಿ ಕೊಲೆಸ್ಟೆರಾಲ್ ಕಡಿಮೆಯಾಗುತ್ತದೆಂದು ಬಕಾಲಿ, ಪೆಸ್ಟಿ ಮತ್ತಿತರರು 1995ರಲ್ಲಿ ಪ್ರಕಟಿಸಿದರು. ಮೊಟ್ಟೆಯ ಬಗ್ಗೆಯೂ ಅದೇ ಗುಂಪು ಆಮೇಲೆ ಇಂಥದ್ದೇ ಫಲಿತಾಂಶ ಕೊಟ್ಟಿತು. ಇದಕ್ಕೆ ಅವರು ಕೊಟ್ಟ ವಿವರಣೆಯನ್ನು ಓದುಗರು ನೆನಪಿಡಬೇಕು. ತಾಮ್ರ ಯಕೃತ್ತಿನ ಗ್ಲೂಟಾಥಯೋನ್ ಎಂಬ ಪದಾರ್ಥವನ್ನು ತಗ್ಗಿಸುತ್ತದೆ, ಅದರಿಂದ ಕೊಲೆಸ್ಟೆರಾಲ್ ತಯಾರಿಸುವ ಕಿಣ್ವದ ಕೆಲಸ ಕುಗ್ಗುತ್ತದೆ. ಗ್ಲೂಟಾಥಯೋನ್ ಎಂದರೆ ಯಕೃತ್ತು ತನ್ನನ್ನು ತಾನು ಕಾಪಾಡಿಕೊಳ್ಳಲು ಇಟ್ಟುಕೊಂಡಿರುವ ಮುಖ್ಯ ರಕ್ಷಣೆ. ಗ್ರಾಹಕನಿಗೆ ಲಾಭವೆಂದು ತೋರಿಸಿದ್ದು ಕೋಳಿಯ ಕಡೆಯಿಂದ ನೋಡಿದರೆ ರಕ್ಷಣೆಯ ಸವಕಳಿ.

ತಾಮ್ರ ದೇಹದೊಳಗೆ ಸಾಗುವ ದಾರಿ ಗೊತ್ತಾದರೆ ಉಳಿದದ್ದು ಸುಲಭ. ಕರುಳಿನ ಗೋಡೆ ದಾಟಿದ ತಾಮ್ರ ರಕ್ತದ ಆಲ್ಬುಮಿನ್‌ಗೆ ಅಂಟಿಕೊಂಡು ನೇರವಾಗಿ ಯಕೃತ್ತಿಗೆ ಬರುತ್ತದೆ. ಜೀವಕೋಶದೊಳಗೆ ಅದನ್ನು ಬಿಡಿಯಾಗಿ ಅಲೆಯಲು ಬಿಡುವುದಿಲ್ಲ. ಕೈಹಿಡಿದು ನಡೆಸುವ ಪ್ರೋಟೀನುಗಳಿವೆ. ಒಂದು ಪಾಲು ಸೆರುಲೋಪ್ಲಾಸ್ಮಿನ್ ಆಗಿ ಮತ್ತೆ ರಕ್ತಕ್ಕೆ ಹೋಗುತ್ತದೆ, ಹಕ್ಕಿಗಳಲ್ಲಿ ಇದರ ಪ್ರಮಾಣ ಸಸ್ತನಿಗಳಿಗಿಂತ ಕಡಿಮೆ. ಒಂದು ಪಾಲು ಮೆಟಲೋಥಯೋನೀನ್ ಎಂಬ ಗಂಧಕಭರಿತ ಪ್ರೋಟೀನಿಗೆ ಕಟ್ಟಿಹಾಕಿಸಿಕೊಂಡು ಅಲ್ಲೇ ಕೂರುತ್ತದೆ. ಮಿಕ್ಕಿದ್ದನ್ನು ಎಟಿಪಿ7ಬಿ ಎಂಬ ಪಂಪು ಪಿತ್ತದೊಳಕ್ಕೆ ತಳ್ಳುತ್ತದೆ, ಹಿಕ್ಕೆಯಲ್ಲಿ ಹೊರಬೀಳುತ್ತದೆ. ಮೂತ್ರದ ದಾರಿ ತಾಮ್ರಕ್ಕೆ ನಗಣ್ಯ. ಹೊರಹೋಗುವುದಾದರೆ ಪಿತ್ತದಲ್ಲೇ ಹೋಗಬೇಕು.

ಕೆರೆಗೆ ತೂಬು ಇದ್ದಂತೆ ಯಕೃತ್ತಿಗೆ ಈ ಪಿತ್ತದ ದಾರಿ. ಒಳಹರಿವು ಹೆಚ್ಚಿದರೆ ತೂಬಿನಲ್ಲೂ ಹೆಚ್ಚು ಹೋಗುತ್ತದೆ, ನೀರಿನ ಮಟ್ಟ ಏರುವುದಿಲ್ಲ. ತೂಬಿನ ಶಕ್ತಿ ಮೀರಿದ ದಿನದಿಂದ ಮಟ್ಟ ಸರಸರನೆ ಏರುತ್ತದೆ. ಹಲವು ಪ್ರಯೋಗಗಳಲ್ಲಿ ಕಂಡದ್ದು ಹೀಗೆಯೇ. ಆಹಾರದ ತಾಮ್ರ ನೂರು, ನೂರೈವತ್ತು ಮುಟ್ಟಿದರೂ ಯಕೃತ್ತಿನ ತಾಮ್ರದಲ್ಲಿ ಹೇಳಿಕೊಳ್ಳುವಂಥ ಏರಿಕೆ ಇರುವುದಿಲ್ಲ. ಇನ್ನೂರೈವತ್ತರ ಆಸುಪಾಸು ದಾಟಿದ ಮೇಲೆ ಗೆರೆ ಕಡಿದಾಗಿ ಮೇಲೇರುತ್ತದೆ. ಯಾವ ಬಗೆಯ ತಾಮ್ರ ದೇಹಕ್ಕೆ ಎಷ್ಟು ದಕ್ಕುತ್ತದೆ ಎಂದು ಅಳೆಯಲು ಫ್ಲೋರಿಡಾ ವಿಶ್ವವಿದ್ಯಾಲಯದವರು 1990ರ ಸುಮಾರಿಗೆ ಅಗತ್ಯಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ತಾಮ್ರ ತಿನ್ನಿಸಿದ್ದು ಇದೇ ಕಾರಣಕ್ಕೆ. ಅದಕ್ಕಿಂತ ಕಡಿಮೆ ತಿನ್ನಿಸಿದರೆ ಯಕೃತ್ತು ಏನನ್ನೂ ಹೇಳುವುದೇ ಇಲ್ಲ.

ಕುರಿಯಲ್ಲಿ ಈ ದಾರಿಯೇ ಕಿರಿದು. ತಿಂಗಳುಗಟ್ಟಲೆ ಸದ್ದಿಲ್ಲದೆ ತಾಮ್ರ ತುಂಬಿಕೊಂಡು, ಸಾಗಣೆಯೋ ಹಸಿವೋ ಏನಾದರೊಂದು ಒತ್ತಡ ಬಿದ್ದ ದಿನ ಎಲ್ಲವೂ ಒಮ್ಮೆಗೇ ರಕ್ತಕ್ಕೆ ನುಗ್ಗುತ್ತದೆ, ಕೆಂಪು ರಕ್ತಕಣಗಳು ಒಡೆಯುತ್ತವೆ, ಕುರಿ ಕಾಮಾಲೆಯಾಗಿ ಎರಡು ಮೂರು ದಿನದಲ್ಲಿ ಸಾಯುತ್ತದೆ. ಮನುಷ್ಯರಲ್ಲಿ ಎಟಿಪಿ7ಬಿ ಪಂಪು ಹುಟ್ಟಿನಿಂದಲೇ ಕೆಟ್ಟಿದ್ದರೆ ಅದು ವಿಲ್ಸನ್ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್ ಮೂರು ದಶಕಗಳಲ್ಲಿ ನೋಡಿದ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದೆ. ಹಿತ್ತಾಳೆ-ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲು ಕುಡಿದ ಎಳೆಮಕ್ಕಳ ಯಕೃತ್ತು ಗಂಟುಗಟ್ಟುತ್ತಿದ್ದ ಭಾರತೀಯ ಬಾಲ ಸಿರೋಸಿಸ್ ಕುರಿತು ಪುಣೆಯ ವೈದ್ಯರು 1980ರ ದಶಕದಲ್ಲಿ ಮಾಡಿದ ಕೆಲಸವೂ ಇದೇ ಸಾಲಿಗೆ ಸೇರುತ್ತದೆ. ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಹಂಸ. ಯುರೋಪಿನ ಮೂಕ ಹಂಸಗಳ ಯಕೃತ್ತಿನಲ್ಲಿ ಕೆ.ಜಿ.ಗೆ ಸಾವಿರಾರು ಮಿಲಿಗ್ರಾಂ ತಾಮ್ರ ಸಿಕ್ಕಿದೆ, ಯಕೃತ್ತು ಕಪ್ಪಾಗಿದ್ದರೂ ಹಕ್ಕಿಗೆ ಅದರಿಂದ ರೋಗ ಕಾಣಲಿಲ್ಲ. ಆದ್ದರಿಂದ ಯಕೃತ್ತಿನ ತಾಮ್ರದ ಅಂಕಿಯೊಂದನ್ನೇ ಹಿಡಿದು ವಿಷವೆಂದು ತೀರ್ಪು ಕೊಡುವಂತಿಲ್ಲ. ಕಟ್ಟಿಹಾಕಿದ ತಾಮ್ರ ನಿರಪಾಯಿ. ಬಿಡಿಯಾಗಿ ಓಡಾಡುವ ತಾಮ್ರವೇ ಅಪಾಯಕಾರಿ.

ಬಿಡಿ ತಾಮ್ರ ಮಾಡುವ ಕೆಲಸವೇನು? ಒಂದು ಎಲೆಕ್ಟ್ರಾನನ್ನು ಕೊಟ್ಟು ತೆಗೆದುಕೊಳ್ಳುವುದು ಅದಕ್ಕೆ ಬಲು ಸಲೀಸು. ಕಿಣ್ವದ ಹಿಡಿತದಲ್ಲಿದ್ದಾಗ ಇದೇ ಗುಣ ಉಪಕಾರಿ. ಹಿಡಿತ ತಪ್ಪಿದಾಗ ಹೈಡ್ರೋಜನ್ ಪೆರಾಕ್ಸೈಡನ್ನು ಸೀಳಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ. ಅದು ಜೀವಕೋಶದ ಪೊರೆಯ ಕೊಬ್ಬನ್ನು ಕೆಡಿಸುತ್ತದೆ, ಮೈಟೊಕಾಂಡ್ರಿಯಾ ಊದಿಕೊಳ್ಳುತ್ತವೆ, ಒಳಗಿನ ಮಡಿಕೆಗಳು ಅಳಿಯುತ್ತವೆ, ಗ್ಲೂಟಾಥಯೋನ್ ಖರ್ಚಾಗುತ್ತದೆ, ಕೊನೆಗೆ ಕೋಶ ಸಾಯುತ್ತದೆ. ಕೋಳಿಯಲ್ಲಿ ಇದನ್ನು ಹಂತಹಂತವಾಗಿ ಬಿಡಿಸಿ ನೋಡಿದವರಲ್ಲಿ ಗುವಾಂಗ್ಜೌನ ದಕ್ಷಿಣ ಚೀನಾ ಕೃಷಿ ವಿಶ್ವವಿದ್ಯಾಲಯದ ಪಶುವೈದ್ಯರು ಮುಂಚೂಣಿಯಲ್ಲಿದ್ದಾರೆ. ಕೆ.ಜಿ. ಆಹಾರಕ್ಕೆ 11, 110, 220, 330 ಮಿಲಿಗ್ರಾಂ ತಾಮ್ರ ಹಾಕಿ ಬ್ರಾಯ್ಲರ್‌ಗಳನ್ನು 49 ದಿನ ಸಾಕಿದ ಅವರ ಪ್ರಯೋಗಗಳಲ್ಲಿ ಡೋಸು ಏರಿದಂತೆ ಯಕೃತ್ತಿನ ಕೋಶಗಳ ಹಾನಿಯೂ ಏರಿತು. ಕೋಶ ತನ್ನದೇ ಕೆಟ್ಟ ಭಾಗಗಳನ್ನು ತಿಂದು ಜೀರ್ಣಿಸಿಕೊಳ್ಳುವ ಆಟೊಫೇಜಿ ಎಂಬ ಕ್ರಿಯೆ ಈ ಹಾನಿಯನ್ನು ಒಂದು ಮಟ್ಟಿಗೆ ತಡೆಯುತ್ತದೆ ಎಂಬುದು 2018ರಲ್ಲಿ ಅವರು ಸೇರಿಸಿದ ಮುಖ್ಯ ಅಂಶ. ಕೋಳಿಯ ಯಕೃತ್ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡಿದ ಕೆಲಸ ಅದು.

2022ರ ಮಾರ್ಚಿನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಸ್ವೆಟ್ಕಾವ್ ಮತ್ತು ಸಂಗಡಿಗರ ಲೇಖನ ಬಂದ ಮೇಲೆ ಈ ಕ್ಷೇತ್ರಕ್ಕೆ ಹೊಸ ಹುರುಪು ಬಂತು. ಮೈಟೊಕಾಂಡ್ರಿಯಾದೊಳಗೆ ಲಿಪೋಯಿಕ್ ಆಮ್ಲ ಅಂಟಿಕೊಂಡ ಕೆಲವು ಪ್ರೋಟೀನುಗಳಿಗೆ ತಾಮ್ರ ನೇರವಾಗಿ ಅಂಟಿ ಅವುಗಳನ್ನು ಮುದ್ದೆಗಟ್ಟಿಸುತ್ತದೆ, ಕೋಶ ಬೇರೊಂದು ಬಗೆಯಲ್ಲೇ ಸಾಯುತ್ತದೆ ಎಂದು ಅವರು ಮನುಷ್ಯ ಕೋಶಗಳಲ್ಲಿ ತೋರಿಸಿ ಅದಕ್ಕೆ ಕ್ಯುಪ್ರಾಪ್ಟೋಸಿಸ್ ಎಂದು ಹೆಸರಿಟ್ಟರು. ಅಂದಿನಿಂದ ಕೋಳಿಯ ಯಕೃತ್ತು, ಮೂತ್ರಪಿಂಡ, ಹೃದಯ ಎಲ್ಲದರಲ್ಲೂ ಅದನ್ನು ಹುಡುಕುವ ಕೆಲಸ ಭರದಿಂದ ಸಾಗಿದೆ. ನಾನು ಇದನ್ನು ಹಗುರವಾಗಿ ಕಾಣುತ್ತಿಲ್ಲ. ಆದರೂ ಈ ಲೇಖನಗಳನ್ನು ಸಾಲಾಗಿ ಓದುತ್ತ ಹೋದರೆ ಒಂದು ಅಸಮಾಧಾನ ಉಳಿಯುತ್ತದೆ. ಕೋಶ ಸಾಯುವ ಬಗೆಗಳಿಗೆ ಹೆಸರು ಹೆಚ್ಚುತ್ತಿವೆ. ಶೆಡ್ಡಿನವನು ಕೇಳುವ ಪ್ರಶ್ನೆಗಳು, ಎಷ್ಟು ದಿನ ಕೊಟ್ಟರೆ ಕೆಡುತ್ತದೆ, ನಿಲ್ಲಿಸಿದರೆ ಸರಿಹೋಗುತ್ತದೆಯೇ, ಬೂಷ್ಟು ಹಿಡಿದ ಜೋಳದ ಜೊತೆ ಸೇರಿದರೆ ಏನಾಗುತ್ತದೆ, ಇವುಗಳ ಮೇಲೆ ಅಷ್ಟು ಶ್ರಮ ಬಿದ್ದಿಲ್ಲ.

ಕೊಯ್ದು ನೋಡಿದಾಗ ಕಾಣುವುದಿಷ್ಟು. ಯಕೃತ್ತು ಊದಿ ಅಂಚು ಮೊಂಡಾಗಿರಬಹುದು, ಬಣ್ಣ ಮಾಸಿ ಹಳದಿಗೆ ತಿರುಗಿರಬಹುದು, ಮುಟ್ಟಿದರೆ ಪುಡಿಯಾಗುವಷ್ಟು ಮೆತ್ತಗಿರಬಹುದು. ಸೂಕ್ಷ್ಮದರ್ಶಕದಲ್ಲಿ ಕೋಶಗಳೊಳಗೆ ಗುಳ್ಳೆಗಳು, ಕೊಬ್ಬಿನ ಹನಿಗಳು, ಕುಗ್ಗಿ ಕಪ್ಪಾದ ಕೋಶಕೇಂದ್ರಗಳು, ಅಲ್ಲಲ್ಲಿ ಸತ್ತ ಕೋಶಗಳ ತೇಪೆ, ಸುತ್ತ ಉರಿಯೂತದ ಕಣಗಳು. ರೊಡನೀನ್ ಬಣ್ಣ ಹಾಕಿದರೆ ತಾಮ್ರದ ಕಣಗಳು ಕೆಂಪು-ಕಂದಾಗಿ ಎದ್ದು ಕಾಣುತ್ತವೆ. ರಕ್ತದಲ್ಲಿ ಎಎಸ್‌ಟಿ ಎಂಬ ಕಿಣ್ವ ಏರುತ್ತದೆ, ಆದರೆ ಕೋಳಿಯ ಸ್ನಾಯುವಿಗೆ ಪೆಟ್ಟಾದರೂ ಎಎಸ್‌ಟಿ ಏರುತ್ತದೆಂಬುದನ್ನು ಮರೆಯಬಾರದು. ಮನುಷ್ಯರಲ್ಲಿ ನಂಬುವ ಎಎಲ್‌ಟಿ ಕೋಳಿಯಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ಇಲ್ಲಿ ಹೇಳಿದ್ದರಲ್ಲಿ ಬಣ್ಣ ಹಾಕಿದಾಗ ಕಾಣುವ ತಾಮ್ರದ ಕಣವೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್‌ನಲ್ಲೂ ಕಾಣಿಸಿಕೊಳ್ಳುತ್ತದೆ. ನಮ್ಮ ಕಡೆ ಹಳದಿ ಯಕೃತ್ತು ಕಂಡಕೂಡಲೇ ಬೂಷ್ಟಿನ ಮೇಲೆ ಹಾಕಿ ಮುಗಿಸುವುದು ರೂಢಿ, ಬಹಳ ಸಲ ಅದು ಸರಿಯೂ ಹೌದು.

ವಿಚಿತ್ರವೆಂದರೆ ಕೋಳಿಯಲ್ಲಿ ತಾಮ್ರದ ಮೊದಲ ಪೆಟ್ಟು ಯಕೃತ್ತಿಗೆ ಬೀಳುವುದೇ ಇಲ್ಲ. ಕಾಳು ಅರೆಯುವ ದಪ್ಪ ಸ್ನಾಯುವಿನ ಹೊಟ್ಟೆ, ಅಂಗಡಿಗಳಲ್ಲಿ ಗಿಜರ್ಡ್ ಎಂದು ಮಾರುವ ಭಾಗ, ಅಲ್ಲಿ ಬೀಳುತ್ತದೆ. ಅದರ ಒಳಗೆ ಹಳದಿ-ಹಸಿರು ಬಣ್ಣದ ಗಡುಸು ಪದರವಿರುತ್ತದೆ, ಅಡುಗೆಗೆ ಮುಂಚೆ ಸುಲಿದು ಎಸೆಯುವುದು ಅದನ್ನೇ. ತಾಮ್ರ ಹೆಚ್ಚಾದರೆ ಆ ಪದರ ಒರಟಾಗಿ, ಗಂಟುಗಂಟಾಗಿ ದಪ್ಪಗಟ್ಟಿ, ಬಿರುಕು ಬಿಟ್ಟು, ಕೆಳಗಿನ ಮಾಂಸದಿಂದ ರಕ್ತ ಜಿನುಗುತ್ತದೆ. 1973ರಲ್ಲಿ ಬ್ರಿಟನ್ನಿನ ಫಿಶರ್ ಮತ್ತು ಸಂಗಡಿಗರು, 1976ರಲ್ಲಿ ಅಮೆರಿಕದ ಪೊಪೌಲಿಸ್ ಮತ್ತು ಜೆನ್ಸೆನ್ ಇದನ್ನು ವಿವರವಾಗಿ ದಾಖಲಿಸಿದರು. ಅದರ ಮುಂದಿರುವ, ಆಮ್ಲ ಸ್ರವಿಸುವ ಜಠರ ಹಿಗ್ಗುವುದನ್ನು 1996ರಲ್ಲಿ ಅರ್ಕಾನ್ಸಾದ ವೈಡ್‌ಮನ್ ಮತ್ತಿತರರು ತೋರಿಸಿದರು. ಮೈಲುತುತ್ತ ಹಾಕಿದ ಕೊಳದ ನೀರು ಕುಡಿದು ಕೆನಡಾ ಹೆಬ್ಬಾತುಗಳು ಗುಂಪಾಗಿ ಸತ್ತ ಪ್ರಕರಣ 1975ರಲ್ಲಿ ವರದಿಯಾಯಿತು. ಅಲ್ಲೂ ಹಕ್ಕಿಗಳ ಜಠರ ಮತ್ತು ಗಿಜರ್ಡಿನ ಒಳಪದರ ಸತ್ತು ಕಿತ್ತುಬಂದಿತ್ತು. ಒಮ್ಮೆಗೇ ಹೆಚ್ಚು ತಾಮ್ರ ಹೊಟ್ಟೆ ಸೇರಿದರೆ ಸಾವು ಜಠರದಿಂದ ಬರುತ್ತದೆ, ದಿನವೂ ಸ್ವಲ್ಪಸ್ವಲ್ಪ ಸೇರಿದರೆ ಯಕೃತ್ತಿನ ಸರದಿ.

ಜಠರದ ಈ ಪೆಟ್ಟು ಸಂಶೋಧಕರ ಲೆಕ್ಕವನ್ನೂ ತಪ್ಪಿಸುತ್ತದೆ. ಬಾಯಿ-ಹೊಟ್ಟೆ ಉರಿಯುವ ಕೋಳಿ ಆಹಾರ ಬಿಡುತ್ತದೆ. ತಿನ್ನದ ಕೋಳಿ ಸೊರಗುತ್ತದೆ, ಅದರ ಯಕೃತ್ತಿನ ತೂಕ, ಕೊಬ್ಬು, ಕಿಣ್ವ ಎಲ್ಲವೂ ಬದಲಾಗುತ್ತವೆ. ಹಾಗಾದರೆ ಕಂಡ ಬದಲಾವಣೆ ತಾಮ್ರದ್ದೋ ಉಪವಾಸದ್ದೋ? 1970ರ ದಶಕದ ಕೊನೆಗೆ ಬೆಲ್‌ಫಾಸ್ಟಿನ ಪ್ರಯೋಗಾಲಯವೊಂದರಲ್ಲಿ ಮೊಟ್ಟೆ ಕೋಳಿಗಳ ಮೇಲೆ ಸಾಲಾಗಿ ಪ್ರಯೋಗ ಮಾಡಿದ ಜಾಕ್ಸನ್ ಮತ್ತು ಸ್ಟೀವನ್‌ಸನ್ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡಿದ್ದರು. ಇಂದಿನ ಎಷ್ಟೋ ಲೇಖನಗಳಲ್ಲಿ ಅಷ್ಟೇ ಆಹಾರ ತಿಂದ, ತಾಮ್ರ ತಿನ್ನದ ಹೋಲಿಕೆಯ ಗುಂಪು ಇರುವುದಿಲ್ಲ. ಅಂಥ ಗುಂಪಿಲ್ಲದ ಪ್ರಯೋಗದಿಂದ ತಾಮ್ರ ಹೀಗೆ ಮಾಡಿತು ಎಂದು ಗಟ್ಟಿಯಾಗಿ ಹೇಳುವುದು ಅವಸರದ ಮಾತು.

ಇನ್ನೊಂದು ಸಂಗತಿಯನ್ನು ಇಲಿನಾಯ್ ವಿಶ್ವವಿದ್ಯಾಲಯದ ರಾಬಿನ್ಸ್ ಮತ್ತು ಬೇಕರ್ 1980ರಲ್ಲಿ ಹೊರಗೆಡವಿದರು. ಮೆಕ್ಕೆಜೋಳ-ಸೋಯಾ ಆಹಾರದಲ್ಲಿ ಮರಿಗಳು ತಡೆದುಕೊಳ್ಳುವ ತಾಮ್ರವೇ ಶುದ್ಧ ಅಮೈನೋ ಆಮ್ಲಗಳಿಂದ ಮಾಡಿದ ಪ್ರಯೋಗಾಲಯದ ಆಹಾರದಲ್ಲಿ ಅವುಗಳ ಬೆಳವಣಿಗೆ ಕುಗ್ಗಿಸುತ್ತದೆ. ಜೋಳ, ಸೋಯಾಗಳ ನಾರು ಮತ್ತು ಫೈಟೇಟ್ ತಾಮ್ರವನ್ನು ಕರುಳಿನಲ್ಲೇ ಹಿಡಿದಿಡುತ್ತವೆ. ಸಿಸ್ಟೀನ್‌ನಂಥ ಗಂಧಕದ ಅಮೈನೋ ಆಮ್ಲ ಹೆಚ್ಚಿದ್ದರೂ ವಿಷ ಇಳಿಯುತ್ತದೆ. ಹಾಗಾಗಿ ವಿಷದ ಪ್ರಮಾಣ ಇಷ್ಟೇ ಎಂದು ಒಂದು ಅಂಕಿಗೆ ಕಟ್ಟಿಹಾಕಲಾಗದು. ಮೇವು ಬದಲಾದರೆ ಅದೂ ಬದಲಾಗುತ್ತದೆ.

ಈಗ ಶೆಡ್ಡಿನ ಲೆಕ್ಕಕ್ಕೆ ಬರೋಣ. ಕೋಳಿಯ ಕತ್ತಿನ ಬುಡದ ಮೇವಿನ ಚೀಲದಲ್ಲಿ ಶಿಲೀಂಧ್ರ ಹತ್ತಿದರೆ ಕುಡಿಯುವ ನೀರಿಗೆ ಮೈಲುತುತ್ತ ಹಾಕುವುದು ಬಹಳ ಹಳೆಯ ಪದ್ಧತಿ. ಅಳತೆ ಎರಡು ಸಾವಿರಕ್ಕೆ ಒಂದು, ಅಂದರೆ ಎರಡು ಲೀಟರಿಗೆ ಒಂದು ಗ್ರಾಂ. ಆ ನೀರಿನ ಲೀಟರಿಗೆ ಸುಮಾರು 127 ಮಿಲಿಗ್ರಾಂ ತಾಮ್ರ. ಐದನೇ ವಾರದ ಬ್ರಾಯ್ಲರ್ ದಿನಕ್ಕೆ 150 ಗ್ರಾಂ ತಿಂದು 300 ಮಿ.ಲೀ. ಕುಡಿಯುತ್ತದೆ ಎಂದುಕೊಳ್ಳಿ. ನೀರಿನಿಂದಲೇ 38 ಮಿಲಿಗ್ರಾಂ ಬಂತು. ಫೀಡಿನಲ್ಲಿ ಧಾನ್ಯದ 8, ಪ್ರೀಮಿಕ್ಸ್ ಎಂಬ ಖನಿಜ ಮಿಶ್ರಣದ 10, ಬೆಳವಣಿಗೆಗೆಂದು ಬೆರೆಸಿದ 125, ಒಟ್ಟು ಕೆ.ಜಿ.ಗೆ 143 ಇದ್ದರೆ ಅಲ್ಲಿಂದ 21 ಚಿಲ್ಲರೆ. ಕೂಡಿಸಿದರೆ ದಿನಕ್ಕೆ 60 ಮಿಲಿಗ್ರಾಂ. ಇದನ್ನು ಫೀಡಿನ ಲೆಕ್ಕಕ್ಕೆ ತಿರುಗಿಸಿದರೆ ಕೆ.ಜಿ.ಗೆ 400 ಮಿಲಿಗ್ರಾಂ ಆಯಿತು. ಸಹನೆಯ ಮಿತಿ 250ನ್ನು ದಾಟಿ ಎಷ್ಟೋ ಮುಂದೆ ಹೋದೆವು. ಫೀಡಿನ ಚೀಲದ ಮೇಲಿನ ಅಂಕಿಯೂ ಸರಿ, ನೀರಿಗೆ ಹಾಕಿದ ಅಳತೆಯೂ ಸರಿ!

ಏಪ್ರಿಲ್-ಮೇ ತಿಂಗಳಲ್ಲಿ ದಾವಣಗೆರೆ, ಬಳ್ಳಾರಿ ಕಡೆಯ ಶೆಡ್ಡುಗಳಲ್ಲಿ ಇದು ಇನ್ನೂ ಕೆಡುತ್ತದೆ. ಸೆಕೆಗೆ ಕೋಳಿ ತಿನ್ನುವುದು ಕಡಿಮೆ, ಕುಡಿಯುವುದು ಹೆಚ್ಚು. 120 ಗ್ರಾಂ ತಿಂದು 450 ಮಿ.ಲೀ. ಕುಡಿದರೆ ಅದೇ ಲೆಕ್ಕ ಕೆ.ಜಿ.ಗೆ 600 ದಾಟುತ್ತದೆ. ಕಹಿಗೆ ಕೋಳಿ ನೀರು ಕಡಿಮೆ ಕುಡಿದರೆ ತಾಮ್ರವೂ ಅಷ್ಟು ಕಡಿಮೆ ಹೊಟ್ಟೆ ಸೇರುತ್ತದೆ ನಿಜ, ಆದರೆ ಬೇಸಗೆಯಲ್ಲಿ ನೀರು ಬಿಟ್ಟ ಕೋಳಿ ತಾಮ್ರಕ್ಕಿಂತ ಮೊದಲು ಬಿಸಿಲಿಗೇ ಸಾಯುತ್ತದೆ. ಟ್ಯಾಂಕಿಗೆ ಹಾಕಿದ ಹರಳು ಪೂರ್ತಿ ಕರಗದೆ ತಳದಲ್ಲಿ ಕೂತಿದ್ದರೆ ಪೈಪಿನ ಮೊದಲ ಸಾಲಿನ ಕೋಳಿಗಳಿಗೆ ಸಿಗುವ ನೀರೇ ಬೇರೆ. ಸತುವಿನ ಲೇಪದ ತಗಡಿನ ಪಾತ್ರೆಗಳನ್ನು ಮೈಲುತುತ್ತ ತಿನ್ನುತ್ತದೆ; ಆಗ ನೀರಿಗೆ ಸತುವೂ ಸೇರುತ್ತದೆ. ಮೂರು ದಿನದ ಚಿಕಿತ್ಸೆ ಮೂರು ದಿನಕ್ಕೇ ನಿಂತರೆ ಆರೋಗ್ಯವಂತ ಬ್ಯಾಚು ಸುಧಾರಿಸಿಕೊಳ್ಳುತ್ತದೆ. 'ಹೊಟ್ಟೆ ಕ್ಲೀನ್ ಆಗ್ಲಿ' ಎಂದು ವಾರಕ್ಕೊಮ್ಮೆ ಹಾಕುತ್ತ ಹೋಗುವಲ್ಲಿ ಸಮಸ್ಯೆ.

ಆರೋಗ್ಯವಂತ ಬ್ಯಾಚು ಎಂಬ ಮಾತನ್ನು ಬೇಕೆಂದೇ ಬಳಸಿದೆ. ಪ್ರಯೋಗಾಲಯದ ಕೋಳಿಗೆ ಒಳ್ಳೆಯ ಜೋಳ ಸಿಗುತ್ತದೆ, ಶೆಡ್ಡಿನ ಕೋಳಿಗೆ ಮಳೆಯಲ್ಲಿ ನೆನೆದ ಜೋಳವೂ ಸಿಗುತ್ತದೆ. ಅಫ್ಲಾಟಾಕ್ಸಿನ್ ಎಷ್ಟು ಕ್ರೂರಿ ಎಂದು ಲೋಕಕ್ಕೆ ಗೊತ್ತಾದದ್ದೇ ಕೋಳಿ ಸಾಕಣೆಯಿಂದ: 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಸತ್ತವು. ಈ ವಿಷವೂ ಯಕೃತ್ತಿನ ಗ್ಲೂಟಾಥಯೋನನ್ನೇ ಖರ್ಚು ಮಾಡಿಸುತ್ತದೆ. ಬೂಷ್ಟು ತಡೆಯಲೆಂದು ಫೀಡಿಗೆ ಹಾಕುವ ಕೆಲವು ಮಿಶ್ರಣಗಳಲ್ಲಿ ಮೈಲುತುತ್ತ ಇರುತ್ತದೆ. ಅದು ಹೊಸ ಬೂಷ್ಟು ಬೆಳೆಯುವುದನ್ನು ತಡೆಯಬಹುದು, ಆಗಲೇ ಜೋಳದಲ್ಲಿ ಸೇರಿಹೋದ ವಿಷವನ್ನು ನಾಶ ಮಾಡುವುದಿಲ್ಲ. ಒಂದೇ ಯಕೃತ್ತಿನ ಮೇಲೆ ಎರಡು ಹೊರೆ. ಇದಕ್ಕೆ ಮೂರನೆಯದಾಗಿ ಜಿಡ್ಡು ಸೇರುತ್ತದೆ. ಫೀಡಿನ ಎಣ್ಣೆಯನ್ನು ತಾಮ್ರ ಬೇಗ ಕಮಟಾಗಿಸುತ್ತದೆ, ವಿಟಮಿನ್ ಇ ಕರಗಿಹೋಗುತ್ತದೆ. ಮೈಲುತುತ್ತಕ್ಕೆ ಬದಲು ನೀರಿನಲ್ಲಿ ಅಷ್ಟಾಗಿ ಕರಗದ ಟ್ರೈಬೇಸಿಕ್ ಕಾಪರ್ ಕ್ಲೋರೈಡ್ ಹಾಕಿದಾಗ ವಿಟಮಿನ್ ಇ ಹೆಚ್ಚು ಉಳಿಯಿತೆಂದು ಫ್ಲೋರಿಡಾದ ಮೈಲ್ಸ್ ಮತ್ತಿತರರು 1998ರಲ್ಲಿ ತೋರಿಸಿದರು. ಆಹಾರದಲ್ಲಿ ತಾಮ್ರ ವಿಪರೀತವಾದರೆ ಸೆಲೆನಿಯಂ ಕೊರತೆಯ ಲಕ್ಷಣಗಳು ಮರಿಗಳಲ್ಲಿ ಕಾಣಿಸುತ್ತವೆಂದು ಜೆನ್ಸೆನ್ 1975ರಲ್ಲೇ ಬರೆದಿದ್ದರು. ವಿಟಮಿನ್ ಇ, ಸೆಲೆನಿಯಂ, ಗ್ಲೂಟಾಥಯೋನ್ ಮೂರೂ ಒಂದೇ ರಕ್ಷಣಾವ್ಯವಸ್ಥೆಯ ಭಾಗಗಳು, ತಾಮ್ರ ಮೂರನ್ನೂ ಮುಟ್ಟುತ್ತದೆ. 330 ಮಿಲಿಗ್ರಾಂ ತಾಮ್ರದ ಒಂಟಿ ಪ್ರಯೋಗಕ್ಕಿಂತ, 150 ತಾಮ್ರ ಮತ್ತು ಸ್ವಲ್ಪ ಅಫ್ಲಾಟಾಕ್ಸಿನ್ ಸೇರಿದ ಪ್ರಯೋಗ ನಮ್ಮ ರೈತನಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನಾನು ನಂಬಿದ್ದೇನೆ.

ತಾಮ್ರದ ರೂಪಗಳ ಬಗ್ಗೆ ಎರಡು ಮಾತು. ಕಪ್ಪು ಕಾಪರ್ ಆಕ್ಸೈಡ್ ಅಗ್ಗವೆಂದು ಹಿಂದೆ ಪ್ರೀಮಿಕ್ಸುಗಳಲ್ಲಿ ಬಳಸುತ್ತಿದ್ದರು, ಅದು ಕೋಳಿಗೆ ದಕ್ಕುವುದೇ ಇಲ್ಲವೆಂದು ಮೇಲೆ ಹೇಳಿದ ಯಕೃತ್ತಿನ ಅಳತೆಗಳಿಂದ ಗೊತ್ತಾಯಿತು. ಅಮೈನೋ ಆಮ್ಲಕ್ಕೆ ಕಟ್ಟಿದ ತಾಮ್ರ ದುಬಾರಿ, ಪ್ರಮಾಣ ಕಡಿಮೆ ಸಾಕು ಎಂಬುದು ಅದರ ಪರವಾದ ವಾದ. ಹಾಗೆ ಕಡಿಮೆ ಹಾಕಿದರೆ ಮಾತ್ರ ಆ ವಾದಕ್ಕೆ ಅರ್ಥ. ಅದನ್ನೂ ಹಾಕಿ ಮೈಲುತುತ್ತವನ್ನೂ ಮುಂದುವರಿಸಿದರೆ ಖರ್ಚೂ ಹೆಚ್ಚು, ಹೊರೆಯೂ ಹೆಚ್ಚು. ಕೆ.ಜಿ.ಗೆ 250 ಮಿಲಿಗ್ರಾಂ ತಾಮ್ರ ಮೈಲುತುತ್ತದ ರೂಪದಲ್ಲಿ ಹೋದಾಗ ರಂಜಕ ದೇಹದಲ್ಲಿ ನಿಲ್ಲುವುದು ಕಡಿಮೆಯಾಗುತ್ತದೆಂದು ಪರ್ಡ್ಯೂ ವಿಶ್ವವಿದ್ಯಾಲಯದವರು 2004ರಲ್ಲಿ ಕಂಡುಕೊಂಡರು. ರಂಜಕ ದಕ್ಕಲೆಂದು ಫೈಟೇಸ್ ಕಿಣ್ವಕ್ಕೆ ದುಡ್ಡು ಸುರಿಯುವವರು ಗಮನಿಸಬೇಕಾದ ಅಂಶ.

ತಿಂದ ತಾಮ್ರದ ಬಹುಪಾಲು ಹಿಕ್ಕೆಯಲ್ಲಿ ಹೋಗುತ್ತದೆ ಎಂದೆ. ಅದು ಮಾಯವಾಗುವುದಿಲ್ಲ, ಶೆಡ್ಡಿನ ನೆಲಹಾಸಾದ ಲಿಟ್ಟರಿನಲ್ಲಿ ಸೇರಿ ಕೋಳಿ ಗೊಬ್ಬರವಾಗಿ ಹೊಲ-ತೋಟಕ್ಕೆ ಹೋಗುತ್ತದೆ. ಕೊಳೆರೋಗಕ್ಕೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುವ ಮಲೆನಾಡಿನ ಅಡಿಕೆ ತೋಟಗಳ ಮಣ್ಣು, ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಆ ರೋಗದ ಅಧ್ಯಯನ ಮಾಡಿ ದಾರಿ ತೋರಿಸಿದ ಕಾಲದಿಂದ ತಾಮ್ರ ಕುಡಿಯುತ್ತಲೇ ಬಂದಿದೆ. ಅಲ್ಲಿಗೆ ಕೋಳಿ ಗೊಬ್ಬರದ ತಾಮ್ರವೂ ಸೇರುತ್ತಿದೆ. ತಾಮ್ರ ತಡೆದುಕೊಳ್ಳುವ ಬ್ಯಾಕ್ಟೀರಿಯಾಗಳು ಕೆಲವು ಆಂಟಿಬಯಾಟಿಕ್‌ಗಳನ್ನೂ ತಡೆದುಕೊಳ್ಳುವಂತಾಗುವ ಪ್ರಶ್ನೆಯೂ ಇದೆ. ಡೆನ್ಮಾರ್ಕಿನ ಹಾಸ್‌ಮನ್ ಮತ್ತು ಆರೆಸ್ಟ್ರುಪ್ 2002ರಲ್ಲಿ ಹಂದಿಗಳ ಎಂಟೆರೋಕಾಕಸ್‌ನಲ್ಲಿ ಇದಕ್ಕೆ ಸಂಬಂಧಿಸಿದ ಜೀನನ್ನು ಗುರುತಿಸಿದರು. ಆಂಟಿಬಯಾಟಿಕ್ ಬೇಡವೆಂದು ತಾಮ್ರ ಹಿಡಿದವರಿಗೆ ಇದು ಬಿಕ್ಕಟ್ಟಿನ ಸುದ್ದಿ. ಕೋಳಿಗೆ 25ರ ಗೆರೆ ಎಳೆಯುವಾಗ ಯುರೋಪು ಹೆಚ್ಚು ತೂಗಿ ನೋಡಿದ್ದು ಯಕೃತ್ತನ್ನಲ್ಲ, ಇಂಥ ಸಂಗತಿಗಳನ್ನು.

ಅನುಮಾನ ಬಂದಾಗ ಪ್ರಯೋಗಾಲಯಕ್ಕೆ ಏನು ಕಳಿಸಬೇಕು? ಯಕೃತ್ತನ್ನು ಮಾತ್ರ ಕಳಿಸಿ ಕಾಯುವುದರಿಂದ ಅರ್ಧ ಉತ್ತರವಷ್ಟೇ ಬರುತ್ತದೆ. ಸತ್ತ ಕೋಳಿಯ ಯಕೃತ್ತಿನ ಜೊತೆ ಗಿಜರ್ಡನ್ನು ಬಿಚ್ಚಿ ತೊಳೆದು ಒಳಪದರ ನೋಡಬೇಕು, ಫೀಡಿನ ಚೀಲದಿಂದ ಒಂದು ಮಾದರಿ, ಟ್ಯಾಂಕಿನಿಂದಲ್ಲ, ಕೊನೆಯ ನಿಪ್ಪಲಿನಿಂದ ಒಂದು ಬಾಟಲಿ ನೀರು, ಹದಿನೈದು ದಿನದಲ್ಲಿ ನೀರಿಗೆ ಏನೇನು ಹಾಕಿದ್ದೀರೆಂಬ ಚೀಟಿ, ಇಷ್ಟೂ ಒಟ್ಟಿಗೆ ಹೋಗಬೇಕು. ಗಿಜರ್ಡ್ ಒಳಪದರ ಕೆಡುವುದು ಕೆಲವು ಅಡಿನೊವೈರಸ್‌ಗಳಿಂದಲೂ, ಅತಿಯಾಗಿ ಕಾಯಿಸಿದ ಮೀನಿನ ಪುಡಿಯಿಂದಲೂ ಆಗುವುದರಿಂದ ಆ ಒಂದನ್ನೇ ನಂಬುವಂತಿಲ್ಲ. ಗಿಜರ್ಡ್ ಕೆಟ್ಟು, ಯಕೃತ್ತಿನಲ್ಲಿ ತಾಮ್ರ ಏರಿ, ನೀರಿನಲ್ಲೂ ಫೀಡಿನಲ್ಲೂ ತಾಮ್ರ ಸಿಕ್ಕರೆ ಆಗ ಹೇಳಬಹುದು.

ತಿನ್ನುವವರ ಆತಂಕಕ್ಕೆ ಇಲ್ಲಿ ಹೆಚ್ಚು ಆಧಾರವಿಲ್ಲ. ನೂರು ಗ್ರಾಂ ಹಸಿ ಕೋಳಿ ಲಿವರಿನಲ್ಲಿ ಸಾಮಾನ್ಯವಾಗಿ ಅರ್ಧ ಮಿಲಿಗ್ರಾಂ ತಾಮ್ರ. ಅಷ್ಟೇ ತೂಕದ ಕುರಿಯ ಲಿವರಿನಲ್ಲಿ ಏಳು ಮಿಲಿಗ್ರಾಂ. ತಾಮ್ರ ಏರಿದ ಕೋಳಿಯ ಲಿವರ್ ಕೂಡ ಬಹುತೇಕ ಕುರಿಯ ಸಾಮಾನ್ಯ ಲಿವರಿಗೆ ಸಮವಾಗುವುದಿಲ್ಲ. ಆದರೆ ಅದೇ ಕೋಳಿಯ ಲಿಟ್ಟರು ಕುರಿಯ ಬಾಯಿಗೆ ಹೋದರೆ ಕಥೆ ಬೇರೆ. 1970ರ ಸುಮಾರಿಗೆ ವರ್ಜಿನಿಯಾದಲ್ಲಿ ಫಾಂಟೆನಾಟ್ ಮತ್ತು ಸಂಗಡಿಗರು ತಾಮ್ರ ಹೆಚ್ಚಿದ್ದ ಬ್ರಾಯ್ಲರ್ ಲಿಟ್ಟರನ್ನು ಅಗ್ಗದ ಪ್ರೋಟೀನೆಂದು ಕುರಿಗಳಿಗೆ ತಿನ್ನಿಸಿ ನೋಡಿದಾಗ ಕುರಿಗಳು ತಾಮ್ರದ ವಿಷದಿಂದಲೇ ಸತ್ತವು. ಕೋಳಿಯ ದೇಹ ಜಾಣತನದಿಂದ ತನ್ನಲ್ಲಿ ಉಳಿಸಿಕೊಳ್ಳದೆ ಹೊರಗೆ ಹಾಕಿದ ತಾಮ್ರವದು. ಶೆಡ್ಡಿನ ಪಕ್ಕದಲ್ಲೇ ಲಿಟ್ಟರಿನ ರಾಶಿ, ಅದರ ಪಕ್ಕದಲ್ಲೇ ಕುರಿಹಟ್ಟಿ ಇರುವ ಕಡೆಗಳಲ್ಲಿ ರಾಶಿಗೆ ಬೇಲಿ ಹಾಕುವುದು ಇವತ್ತೇ ಮಾಡಬಹುದಾದ ಕೆಲಸ.